ನಿಂಗಮ್ಮನ ದನಿ ನುಂಗಿದ ಆಂಪ್ಲಿಫೈಯರ್

ನವೆಂಬರ್ 24, ಭಾನುವಾರ ರಾತ್ರಿ

ಮಿಲನ್ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಬಿಟ್ಟಂಗಾಲದಲ್ಲಿ ತೋಟವಿರುವ ಈ ಮಾಲೀಕನಿಗೆ ಹಳೇ ಹಾಡು ಕೇಳುವ ಶೋಕಿ. ನಮ್ಮ ತೋಟ ಕಾರ್ಮಿಕರ ಸಂಘದ ಹಳೇ ವಾಲ್ವ್ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿದೆ ಎಂದಾಗ ತಾನೇ ಸರಿ ಮಾಡಿಕೊಡುತ್ತೇನೆಂದ. ಒಣಗಿದ ಕೆಪಾಸಿಟರುಗಳನ್ನು ಬದಲಿಸಿದ್ದರೆ ಸಾಕಿತ್ತು. ಚೆನ್ನಾಗಿದ್ದ ಚಿಕ್ಕ ಕೆಪಾಸಿಟರುಗಳನ್ನೂ ಕಿತ್ತು ಫಾರಿನ್ನಿನ ದೊಡ್ಡವನ್ನು ಕೂರಿಸಿದ್ದಾನೆ!

ಆ ಚಿಕ್ಕವು ದನಿಯ ದಪ್ಪವನ್ನು, ಅಂದರೆ ಬೇಸನ್ನು, ತಡೆದು ಮಾತಿನ ಮೊನೆಯನ್ನಷ್ಟೇ ಹಾರ್ನಿಗೆ ಕಳಿಸುತ್ತಿದ್ದವು. ಅದಕ್ಕೇ ಮೂರ್ನಾಡು ಪೇಟೆಯ ಗದ್ದಲದಲ್ಲೂ ನಮ್ಮ ಮಾತು ದೂರಕ್ಕೆ ಕೇಳುತ್ತಿತ್ತು.

ಇವತ್ತು ಅಲ್ಲೇ ಸಭೆ. ತನ್ನ ತೋಟದವರು ಕೂಲಿಗಳ ಲೈನ್‌ಮನೆಗಳಿಗೆ ನೀರು ನಿಲ್ಲಿಸಿದ್ದನ್ನು ಹೇಳಲು ನಿಂಗಮ್ಮ ಮೊದಲ ಸಲ ಮೈಕ್ ಹಿಡಿದಳು. ಹಾರ್ನಿನಿಂದ ಬಂದದ್ದು ಬರೀ ಭೋರ್ಗರೆತ. ಜೀಪಿನಲ್ಲಿ ಕೂತಿದ್ದ ಅವಳ ತೋಟದಲ್ಲಿ ಹಾಜರಿ ಬರೆಯುವ ರೈಟರ್ ಕೂಗಿದ: "ಎಂಥ ನಿಂಗಮ್ಮ, ಬಾಯಲ್ಲಿ ಹಲಸಿನ ತೊಳೆ ಇಟ್ಕೊಂಡಿದ್ದೀಯಾ?" ಜನ ನಕ್ಕರು. ಅವಳು ಮೈಕ್ ಕೆಳಗಿಟ್ಟು ಹೋಗಿಬಿಟ್ಟಳು.

ನೇರ ಮಿಲನ್ ಮನೆಗೆ ನುಗ್ಗಿದೆ.

"ಬೇಸ್ ಎಷ್ಟು ರಿಚ್ ಆಗಿದೆ ಅಲ್ವಾ ಅಣ್ಣಾ?"

"ನಿನ್ನ ಬೇಸಿಗೆ ಬೆಂಕಿ ಹಾಕ! ಕಿತ್ತದ್ದನ್ನ ಕೊಡೋ."

ಡ್ರಾಯರಿನಿಂದ ತೆಗೆದುಕೊಟ್ಟ. "ಅವನ್ನ ಹಾಕಿದ್ರೆ ಕರ್ಕಶ ಆಗ್ತದೆ ಅಣ್ಣಾ."

ಆಗಲಿ. ಈ ಜನಕ್ಕೆ ನಮ್ಮ ಸಂಕಟವೂ ಇಂಪಾಗಿಯೇ ಕೇಳಬೇಕು!

ಈಗಷ್ಟೇ ಬೆಸುಗೆ ಮುಗಿಯಿತು. ಬೆರಳು ಸುಟ್ಟಿದೆ. ಮೈಕ್ ಹಿಡಿದು "ನೀರು" ಎಂದೆ. ಚೂಪಾಗಿ ಗೋಡೆಗೆ ಬಡಿಯಿತು. ಬೆಳಿಗ್ಗೆ ಇದನ್ನು ಹೊತ್ತು ನಿಂಗಮ್ಮನ ಲೈನಿಗೇ ಹೋಗುತ್ತೇನೆ. ನಕ್ಕವರ ಮುಂದೆ ಅವಳು ಇನ್ನೊಮ್ಮೆ ನಿಲ್ಲಬೇಕಲ್ಲ! ಅದಕ್ಕೆ ಹಾಕುವ ಬೆಸುಗೆ ನನ್ನ ಹತ್ತಿರ ಎಲ್ಲಿದೆ? ಅವಳು ಒಲ್ಲೆ ಎಂದರೆ ಆ ಮಿಲನ್‌ನನ್ನು ಎಳೆದು ತಂದು ಅವಳ ಮುಂದೆ ನಿಲ್ಲಿಸುತ್ತೇನೆ; ತಪ್ಪು ಅವಳ ದನಿಯದಲ್ಲ, ತನ್ನ ಕೆಪಾಸಿಟರುಗಳದ್ದು ಎಂದು ಅವನೇ ಹೇಳಲಿ.