ಓಡಬಾರದ ಮನೆಯಿಂದ ಅಪ್ಪನಿಗೆ

ಅಪ್ಪಾ,

ನಿನ್ನ ಮಂಜುಳಾ ಇಪ್ಪತ್ತೊಂದು ಕಿಲೋಮೀಟರ್ ಓಡಿದಳು ಅಂದರೆ ನಂಬುತ್ತೀಯಾ? ನಂಬದಿದ್ದರೂ ಪರವಾಗಿಲ್ಲ, ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ. ಕಾಲಿಗೆ ಮಾತ್ರ ಚೆನ್ನಾಗಿ ಗೊತ್ತಾಗಿದೆ. ಒಂದು ವಾರ ಕೂತರೆ ಏಳಲು ಬಿಡಲಿಲ್ಲ, ಎದ್ದರೆ ಕೂರಲು ಬಿಡಲಿಲ್ಲ.

ನೀನು ಹೋದ ದಿನ ಶ್ರೀನಿವಾಸಪುರದ ಬಸ್ ನಿಲ್ದಾಣದಲ್ಲಿ ನಾನೂ ಇದ್ದೆ, ಲಂಗ ತೊಟ್ಟುಕೊಂಡು, ಕೈಯಲ್ಲಿ ನೀರಿನ ಬಾಟಲಿ ಹಿಡಿದು. ಅಮ್ಮನ ಜೊತೆ ಗೌನಿಪಲ್ಲಿಯ ಅಜ್ಜಿ ಮನೆಯಿಂದ ವಾಪಸು ಬರುತ್ತಿದ್ದೆವು. ನಿನ್ನ ಹೆಗಲ ಮೇಲೆ ಮಾವಿನಹಣ್ಣಿನ ಮೂಟೆ. ಕೋಲಾರದ ಬಸ್ಸು ಆಗಲೇ ಹೊರಟಿತ್ತು. ನೀನು ಅದರ ಹಿಂದೆ ಓಡಿದೆ, ಬಸ್ಸು ನಿಲ್ಲಲಿಲ್ಲ, ನೀನು ಎದೆ ಹಿಡಿದುಕೊಂಡು... ಇರಲಿ. ಅದನ್ನು ನಿನಗೆ ನಾನೇನು ಹೇಳುವುದು? ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರೂ ಓಡುವಂತಿಲ್ಲ. ಶಾಲೆಯ ಆಟೋಟದ ದಿನ ನನಗೆ ಕುರ್ಚಿ ಜೋಡಿಸುವ ಕೆಲಸ. ಮಳೆ ಬಂದರೂ ನೆನೆದುಕೊಂಡೇ ನಡೆದು ಬರಬೇಕು. ಹೊಸಿಲು ದಾಟುವಾಗ ಅಮ್ಮ ಅವಳ ತವರಿನ ತೆಲುಗಿನಲ್ಲಿ ಹೇಳುವುದು ಒಂದೇ ಮಾತು, "ಮೆಲ್ಲಗಾ ಪೋ," ನಿಧಾನವಾಗಿ ಹೋಗು ಅಂತ. ಬಸ್ ನಿಲ್ದಾಣದಲ್ಲಂತೂ ಎಲ್ಲರೂ ಹತ್ತಿ ಕೂತ ಮೇಲೆ ಏಳುತ್ತಿದ್ದವಳು ಅವಳು. ಹೊರಟ ಬಸ್ಸಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಲ್ಯಾಬಿನಲ್ಲಿ ಶಬೀನಾ ಓಟದ ಮಾತು ತೆಗೆದ ದಿನ ನಾನು ಹಾಲಿನ ಸ್ಯಾಂಪಲ್ ನೋಡುತ್ತಿದ್ದೆ. ನಿನಗೆ ಹೇಳಲೇ ಇಲ್ಲವಲ್ಲ, ನಾನೀಗ ಹಾಲಿನ ಚಿಲ್ಲಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೇನೆ. ಊರೂರಿನ ಡೇರಿಗಳ ಹಾಲು ತಣ್ಣಗಾಗಲು ಬರುವುದು ಇಲ್ಲಿಗೆ. ಅದರಲ್ಲಿ ಕೊಬ್ಬೆಷ್ಟು, ನೀರೆಷ್ಟು ಎಂದು ನೋಡುವುದು ನಾನು ಮತ್ತು ಶಬೀನಾ. ಕೋಲಾರದಲ್ಲಿ ಹಾಫ್ ಮ್ಯಾರಥಾನ್ ಅಂತೆ, ನಮ್ಮಲ್ಲಿಂದಲೂ ಒಂದು ತಂಡ ಹೋಗೋಣ ಅಂದಳು. ಟ್ಯಾಂಕರ್ ಡ್ರೈವರ್ ಮುನಿರಾಜಣ್ಣ ಹೊಟ್ಟೆ ಕರಗಿಸುತ್ತೇನೆ ಎಂದು ಸೇರಿಕೊಂಡ. ನಾನ್ಯಾಕೆ ಸೇರಿದೆ? ನೀನು ಹೋದಾಗಿನ ವಯಸ್ಸಿಗೆ ನಾನು ಹತ್ತಿರವಾಗುತ್ತಿದ್ದೆ ಅಪ್ಪಾ. ನಾಲ್ಕು ಮೆಟ್ಟಿಲು ಹತ್ತಿದರೂ ಕೈ ತಾನಾಗಿ ಎದೆಗೆ ಹೋಗುತ್ತಿತ್ತು. ಈ ಹೆದರಿಕೆಯನ್ನು ಕಟ್ಟಿಕೊಂಡು ಇನ್ನೆಷ್ಟು ವರ್ಷ... ಅನ್ನಿಸಿ ಹೆಸರು ಕೊಟ್ಟುಬಿಟ್ಟೆ. ಅಮ್ಮನಿಗೆ ಮಾತ್ರ ಬೆಳಗಿನ ಡ್ಯೂಟಿ ಹಾಕಿದ್ದಾರೆ ಎಂದೆ.

ಮೊದಲ ಸಲ ವಕ್ಕಲೇರಿ ಕಡೆ ಓಡಿದ್ದನ್ನು ನೀನು ನೋಡಬೇಕಿತ್ತು. ಹಾಲಿನ ಗಾಡಿ ಓಡಾಡುವ ದಾರಿಯದು, ನಾಯಿಗಳಿಗೂ ಮುನಿರಾಜಣ್ಣನ ಗುರುತಿದೆ ಎಂಬ ಧೈರ್ಯ. ಒಂದೇ ತಪ್ಪು ಮಾಡಿದೆವು, ಸೆಂಟರಿನ ಟೀ ಶರ್ಟ್ ಹಾಕಿಕೊಂಡು ಹೋದೆವು. ಅದು ಡೇರಿಗೆ ಹಾಲು ಹಾಕುವ ಹೊತ್ತು. ಚಿಲ್ಲಿಂಗ್ ಸೆಂಟರಿನವರು ಬೆಳಬೆಳಗ್ಗೆ ಏದುಸಿರು ಬಿಡುತ್ತಾ ಊರಿಗೆ ನುಗ್ಗಿದರೆ ಜನ ಏನೆಂದುಕೊಳ್ಳಬೇಕು? ಚೆಕಿಂಗ್ ಬಂತು ಎಂದುಕೊಂಡರು. ನಾವು ಮುಟ್ಟುವಷ್ಟರಲ್ಲಿ ಅರ್ಧ ಸಾಲು ಕ್ಯಾನು ಸಮೇತ ಮಾಯ. ಓಟದಲ್ಲಿ ನಮ್ಮನ್ನು ಮೀರಿಸಿದ ಮುದುಕರಿದ್ದರು. ಅವತ್ತು ಆ ಊರಿನಿಂದ ಬಂದ ಹಾಲು ಕಮ್ಮಿ, ಆದರೆ ಎಂಥಾ ಗಟ್ಟಿ ಹಾಲು ಅಂತೀಯಾ! ಮ್ಯಾನೇಜರ್ ನಮ್ಮನ್ನು ಕರೆದು, ದಿನಕ್ಕೊಂದು ಊರಿಗೆ ಓಡಿ, ಟೀ ಶರ್ಟ್ ಮಾತ್ರ ಬದಲಾಯಿಸಬೇಡಿ ಅಂದರು.

ಹಾಗೆ ಓಡುತ್ತಾ ಒಂದು ಬೆಳಗ್ಗೆ ಮುನಿರಾಜಣ್ಣ ನಮ್ಮೂರಿನ ಕಡೆಗೇ ತಿರುಗಿಬಿಟ್ಟ. ನಾನು ಮನೆಯಲ್ಲಿ ಸುಳ್ಳು ಹೇಳಿರುವುದು ಅವನಿಗೆಲ್ಲಿ ಗೊತ್ತು? ಕೂಗಿ ನಿಲ್ಲಿಸೋಣವೆಂದರೆ ನನಗೆ ಉಸಿರಿರಲಿಲ್ಲ. ನಮ್ಮೂರ ಡೇರಿಯ ಮುಂದೆಯೂ ಜನ ಚೆಲ್ಲಾಪಿಲ್ಲಿಯಾದರು. ಒಬ್ಬಳು ಮಾತ್ರ ಕ್ಯಾನು ಹಿಡಿದು ಅಲ್ಲಾಡದೆ ನಿಂತಿದ್ದಳು. ಅಮ್ಮನ ಹಾಲಿಗೆ ಯಾವತ್ತೂ ನೀರು ಬಿದ್ದಿಲ್ಲ, ಅವಳ್ಯಾಕೆ ಓಡಬೇಕು? ನನ್ನನ್ನು ನೋಡಿದಳು. ಕ್ಯಾನು ಕೆಳಗಿಟ್ಟು ಅದರ ಪಕ್ಕದಲ್ಲೇ ಕುಸಿದು ಕೂತಳು.

ಮನೆಗೆ ಕರೆದುಕೊಂಡು ಹೋದ ಮೇಲೆ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಹಸುವಿಗೆ ಹುಲ್ಲು ಹಾಕುತ್ತಾ ನನ್ನ ಮುಖ ನೋಡದೆ ಹೇಳಿದಳು.

"ನಿಮ್ಮಪ್ಪನ್ನ ಓಡಿಸಿದೋಳು ನಾನೇ ಕಣೇ. ಬಸ್ ಹೋಗ್ತೈತೆ, ಬೇಗ ಓಡು ಅಂತ ಹಿಂದಿನಿಂದ ಬಾಯಿ ಮಾಡ್ದೆ. ಇನ್ನೊಂದು ಬಸ್ ಇರ್ಲಿಲ್ವಾ?"

ಪಕ್ಕದಲ್ಲೇ ಇದ್ದೆನಲ್ಲ ಅಪ್ಪಾ, ನನಗೆ ಆ ಮಾತು ನೆನಪೇ ಇಲ್ಲ. ನಿನಗಾದರೂ ಕೇಳಿಸಿತ್ತಾ? ಇಷ್ಟು ವರ್ಷ ಅವಳು ನಮ್ಮನ್ನು ಕಾಯುತ್ತಿದ್ದಾಳೆ ಎಂದುಕೊಂಡಿದ್ದೆ. ಅವಳು ಆ ಒಂದು ಕೂಗನ್ನು ಒಬ್ಬಳೇ ನುಂಗಿಕೊಂಡು ಕೂತಿದ್ದಳು. ನನಗೆ ತುಂಬಾ ಅಳು ಬಂತು.

ಕೋಲಾರದ ಡಾಕ್ಟರಮ್ಮನ ಹತ್ತಿರ ಹೋದ ದಿನ ಅಮ್ಮ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಡಾಕ್ಟರು ಬೇಡ ಅಂದರೆ ನಿಲ್ಲಿಸುತ್ತೇನೆ ಎಂದು ನಾನೇ ಮಾತು ಕೊಟ್ಟಿದ್ದೆ. ಎದೆಗೆ ವೈರು ಅಂಟಿಸಿ, ಓಡುವ ಬೆಲ್ಟಿನ ಮೇಲೆ ನನ್ನನ್ನು ಓಡಿಸಿದರು. ಅಮ್ಮ ಬಾಗಿಲ ಪರದೆ ಹಿಡಿದುಕೊಂಡು ನಿಂತಿದ್ದಳು. ಎಲ್ಲ ಮುಗಿದ ಮೇಲೆ ಇಬ್ಬರನ್ನೂ ಕೂರಿಸಿ, ಎದೆ ಗಟ್ಟಿಯಾಗಿದೆ, ಧಾರಾಳವಾಗಿ ಓಡಲಿ ಅಂದರು. ಅಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ನಿನ್ನ ವಿಷಯ ತೆಗೆದಳು, ತಾನು ಕೂಗಿದ್ದನ್ನೂ ಬಿಡದೆ ಹೇಳಿದಳು. ಅದಕ್ಕೂ ಮುಂಚೆ ಏನಾದರೂ ಎದೆ ಉರಿ ಇತ್ತಾ ಎಂದು ಡಾಕ್ಟರಮ್ಮ ಕೇಳಿದರು. ಇತ್ತಲ್ಲಪ್ಪಾ! ತೋಟದಿಂದ ಬಂದು ಗ್ಯಾಸು ಗ್ಯಾಸು ಅಂತ ಎದೆ ಉಜ್ಜಿಕೊಂಡು ನೀನು ಸೋಡಾ ಕುಡಿಯುತ್ತಿದ್ದೆಯಲ್ಲ?

"ಅದು ಗ್ಯಾಸ್ ಇರ್ಲಿಕ್ಕಿಲ್ಲಮ್ಮ. ಕಾಯಿಲೆ ಆಗ್ಲೇ ಒಳಗಿತ್ತು ಅನ್ಸುತ್ತೆ. ನೀವು ಕೂಗಿದ್ದಕ್ಕೆ ಬಂದಿದ್ದಲ್ಲ ಅದು."

ಹೊರಗೆ ಬಂದು ಅಮ್ಮ ನಲ್ಲಿಯಲ್ಲಿ ಬಹಳ ಹೊತ್ತು ಮುಖ ತೊಳೆದಳು. ಹೊಟ್ಟೆ ಹಸೀತೈತೆ ಅಂದಳು. ಹೋಟೆಲಿನಲ್ಲಿ ದೋಸೆ ಮೇಲೆ ದೋಸೆ ತಿಂದಳು, ನಿನ್ನ ಹಾಗೆಯೇ ಚಟ್ನಿ ಮತ್ತೆ ಮತ್ತೆ ಹಾಕಿಸಿಕೊಂಡು.

ಓಟದ ದಿನದ ಕತೆ ದೊಡ್ಡದೇನಿಲ್ಲ. ಶಬೀನಾ ಎಲ್ಲೋ ಮುಂದೆ, ಮುನಿರಾಜಣ್ಣ ಎಲ್ಲೋ ಹಿಂದೆ ಕಬ್ಬಿನಹಾಲು ಕುಡಿಯುತ್ತಾ, ನಡುವೆ ನಾನು. ಒಂದು ಏರಿನಲ್ಲಿ ಹಳೇ ಚಾಳಿಯಂತೆ ಕೈ ಎದೆಗೆ ಹೋಯಿತು. ಜೋರಾಗಿ ಬಡಿದುಕೊಳ್ಳುತ್ತಿತ್ತು. ಬಡಿದುಕೊಳ್ಳಲಿ ಬಿಡು, ಅದರ ಕೆಲಸವೇ ಅದು ಅಂದುಕೊಂಡು ಕೈ ತೆಗೆದೆ. ಕೊನೆಯಲ್ಲಿ ಅಮ್ಮ ಮಜ್ಜಿಗೆ ಕ್ಯಾನಿನೊಂದಿಗೆ ನಿಂತಿದ್ದಳು. ಶಹಬ್ಬಾಸ್ ಇಲ್ಲ, ಅಪ್ಪುಗೆ ಇಲ್ಲ. ಬೆವರು ಸೋರುವ ನನ್ನ ಎದೆಯ ಮೇಲೆ ಅಂಗೈ ಇಟ್ಟು ಬಡಿತ ನೋಡಿದಳು. ಆಮೇಲೆ ಮಜ್ಜಿಗೆ ಕೊಟ್ಟಳು.

ಈಗ ನಿಜವಾದ ಸುದ್ದಿ ಕೇಳು, ಇಷ್ಟೆಲ್ಲ ಬರೆದದ್ದೇ ಇದಕ್ಕಾಗಿ. ಮೊನ್ನೆ ಗೌನಿಪಲ್ಲಿಗೆ ಹೋಗಿ ವಾಪಸು ಬರುತ್ತಿದ್ದೆವು. ಶ್ರೀನಿವಾಸಪುರದ ಅದೇ ನಿಲ್ದಾಣ. ನಾವು ಒಳಗೆ ಕಾಲಿಡುವಾಗ ಕೋಲಾರದ ಬಸ್ಸು ಹೊರಟಿತ್ತು. ನಾನು ರೂಢಿಯಂತೆ ಬೆಂಚು ಹುಡುಕಿ ಮಾವಿನ ಚೀಲ ಇಳಿಸಿದೆ. ತಿರುಗಿ ನೋಡಿದರೆ ಪಕ್ಕದಲ್ಲಿ ಅಮ್ಮ ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬಸ್ಸಿನ ಹಿಂದೆ ಓಡುತ್ತಿದ್ದಳು. ಓಡುತ್ತಲೇ ನನ್ನ ಕಡೆ ತಿರುಗಿದಳು.

"ಬೇಗ ಓಡಿ ಬಾರೇ, ಬಸ್ ಹೋಗ್ತೈತೆ."

ಚೀಲ ಹೆಗಲಿಗೇರಿಸಿ ನಾನೂ ಓಡಿದೆ, ನಗು ತಡೆಯಲಾಗದೆ.

ಅಪ್ಪಾ, ಬಸ್ಸು ನಿಂತಿತು.

ನಿನ್ನ
ಮಂಜಿ