ಬೆಳಗಾಗುವಷ್ಟರಲ್ಲಿ ಕುಸಿಯುವ ಗಾಡಿ

ಶನಿವಾರ, ಜೂನ್ 14, 2025. ಸಾರಕ್ಕಿ.

ಇವತ್ತು ಬಾಯಿಬಿಡದೆಯೇ ಒಬ್ಬರಿಗೆ ಮೋಸ ಮಾಡಿದೆ.

ಎರಡು ವರ್ಷದ ಹಿಂದೆ ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ, ಬೆಟ್ಟ ಹತ್ತುವ ಆ ವಿದೇಶಿ ಗಾಡಿ ಇದುವರೆಗೆ ಹತ್ತಿರುವುದು ಗ್ಯಾರೇಜಿನ ರ‍್ಯಾಂಪ್ ಮಾತ್ರ. ಒಂದೊಂದು ಸರ್ವಿಸಿಗೂ ಮಹಡಿ ಮನೆಯಿಂದ ನಮಗೆ ಬರುವ ಮೂರು ತಿಂಗಳ ಬಾಡಿಗೆ ಹೋಗುತ್ತದೆ. ಈಗ ಗಾಡಿಯನ್ನು ಗಾಳಿಯ ಒತ್ತಡದಿಂದ ಎತ್ತಿ ಹಿಡಿಯುವ ಏರ್ ಸಸ್ಪೆನ್ಷನ್ ಸೋರುತ್ತಿದೆ. ರಾತ್ರಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಮುಂಭಾಗ ಕುಸಿದಿರುತ್ತದೆ. ಎಂಜಿನ್ ಓಡಿಸಿದರೆ ಮತ್ತೆ ಏಳುತ್ತದೆ.

"ಗಾಡಿ ಕೊಳ್ಳೋರು ಬರೋಕೆ ಅರ್ಧ ಗಂಟೆ ಮುಂಚೆ ಸ್ಟಾರ್ಟ್ ಮಾಡಿಬಿಡೋ. ಆಮೇಲೆ ಭಾಷಣ ಬಿಗೀಬೇಡ," ಎಂದರು ಅಪ್ಪ. ಹಾಗೇ ಮಾಡಿದೆ.

ಕೊಳ್ಳಲು ಬಂದವರು ಕುಮಾರಸ್ವಾಮಿ ಲೇಔಟಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಕೈಲಾಸ್. "ಸಖತ್ತಾಗಿ ನಿಂತಿದೆ ಗುರು! ಆನೆ ಸಾಕಿದಂಗೆ ಅಲ್ವಾ, ಖರ್ಚು?" ಎಂದು ನನ್ನನ್ನೇ ಕೇಳಿದರು.

"ಅವನನ್ನ ಕೇಳ್ಬೇಡಿ ಸಾರ್, ಬಸ್ಸಲ್ಲೇ ಓಡಾಡೋ ಕ್ರಾಂತಿಕಾರಿ ಅವನು," ಎಂದು ಅಪ್ಪ ನಕ್ಕರು. ನಾನೂ ನಕ್ಕೆ. ಆ ನಗು ಇನ್ನೂ ಮುಖಕ್ಕೆ ಅಂಟಿಕೊಂಡಂತಿದೆ.

ನಾಳೆ ಹತ್ತು ಗಂಟೆಗೆ ಅವರು ಅಡ್ವಾನ್ಸ್ ತರುತ್ತಾರೆ. ಗಾಡಿ ಮಾರಿಹೋಗದಿದ್ದರೆ ತಂಗಿ ಶಾಲಿನಿಯ ಕಾಲೇಜು ಫೀಸಿಗೆ ಇಟ್ಟ ದುಡ್ಡು ರಿಪೇರಿಗೆ ಹೋಗುತ್ತದೆ. ಉಳ್ಳವರ ಮೋಸದ ಬಗ್ಗೆ ಎಷ್ಟು ಕರಪತ್ರ ಓದಿದ್ದೇನೆ, ಎಷ್ಟು ಹಂಚಿದ್ದೇನೆ! ಸ್ವಂತ ತಂಗಿಯ ಫೀಸಿನ ಬಗ್ಗೆ ಒಂದರಲ್ಲೂ ಬರೆದಿರಲಿಲ್ಲ.

ಈಗಷ್ಟೇ ಕೈಲಾಸ್‌ಗೆ ಮೆಸೇಜ್ ಕಳಿಸಿದೆ: "ಸಾರ್, ಹತ್ತಕ್ಕೆ ಬೇಡ. ಬೆಳಿಗ್ಗೆ ಆರಕ್ಕೇ ಬನ್ನಿ. ಫೋನ್ ಮಾಡದೆ ಬನ್ನಿ."

ಓದಿದ್ದಾರೆ. ಎರಡು ನೀಲಿ ಟಿಕ್ ಬಂದವು. ಆರಕ್ಕೆ ಎಂಜಿನ್ ಯಾರೂ ಓಡಿಸಿರುವುದಿಲ್ಲ, ಗಾಡಿ ಕುಸಿದೇ ಇರುತ್ತದೆ.

ಶಾಲಿನಿಯ ಕೋಣೆಯಲ್ಲಿ ಇನ್ನೂ ಲೈಟು ಉರಿಯುತ್ತಿದೆ. ಆರು ಗಂಟೆಗೆ ಮುಂಚೆ ಅವಳಿಗಾದರೂ ಹೇಳಬೇಕು, ಆದರೆ ಯಾವ ಬಾಯಲ್ಲಿ ಹೇಳಲಿ?