ಬಂಗುಡೆಯ ಅಡಿಯಲ್ಲಿ ಸೂಜಿ

ತಾಲೂಕಿನ ಆರೋಗ್ಯಾಧಿಕಾರಿಗಳೇ, ಮಾಸ್ಕ್ ಹಾಕಿಕೊಂಡೇ ಓದಿ. ನಮ್ಮ ಕೋಡಿ ಊರಿಗೆ ಹಂದಿಜ್ವರ ನುಗ್ಗಿದೆ. ಇಡೀ ಕೇರಿ ಕೆಮ್ಮುತ್ತಿದೆ. ಇವತ್ತೇ ನಿಮ್ಮ ಜೀಪು ಬರದಿದ್ದರೆ ನಾಳೆ ಹೆಣ ಹೊರಬೇಕು.

ಸುಳ್ಳು. ಕೆಮ್ಮುವವನು ನಾನೊಬ್ಬನೇ, ಅದೂ ಬೀಡಿಯಿಂದ. ಆದರೆ ಜೀಪಿನ ಡ್ರೈವರನನ್ನು ಕೂಗಿದಿರಿ ತಾನೆ? ಈ 2009ರಲ್ಲಿ ನಿಮ್ಮನ್ನು ಕುರ್ಚಿಯಿಂದ ಎಬ್ಬಿಸಲು ಹಂದಿಯೇ ಬೇಕು. ಮನುಷ್ಯ ಕರೆದರೆ ಏಳುವುದಿಲ್ಲ.

ಈಗ ನಿಜ. ಅಮಲಿನ ಸೂಜಿ ಚುಚ್ಚಿಕೊಳ್ಳುವ ಚಟದವರಿಂದ ಹಳೆಯದನ್ನು ಪಡೆದು ಹೊಸದು ಕೊಡುತ್ತಿದ್ದ ನಮ್ಮ ಕೇಂದ್ರಕ್ಕೆ ನೀವು ಬೀಗ ಜಡಿಸಿದ್ದೀರಿ. ಕಾರಣ, ಜನ ಸೇರಬಾರದು. ಕೊಲ್ಲೂರಿನ ಜೀಪಿನಲ್ಲಿ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತು ಹೋಗುತ್ತಾರಲ್ಲ, ಅವರು ಜನವಲ್ಲವೇ? ವೈನ್ ಶಾಪಿನ ಕಿಟಕಿಗೆ ಮುತ್ತಿದವರು ಭಜನೆಗೆ ಬಂದವರೇ? ಒಬ್ಬೊಬ್ಬರೇ ಬಂದು ಹೋಗುವ ಆ ಸಣ್ಣ ಕೋಣೆಯೊಂದೇ ನಿಮಗೆ ಮದುವೆ ದಿಬ್ಬಣದಂತೆ ಕಂಡಿತೇ? ಆರೋಗ್ಯ ಇಲಾಖೆಯೆಂದರೆ ಬರೀ ‘ಆ ರೋಗ’ದ ಇಲಾಖೆ ಎಂದು ನನಗೆ ಗೊತ್ತಿರಲಿಲ್ಲ. ಸೂಜಿ ಹಂಚಿಕೊಂಡರೆ ಅಂಟುವ ಈ ಏಡ್ಸ್ ರೋಗ ಯಾರದು, ಮೀನುಗಾರಿಕೆ ಇಲಾಖೆಯದೇ?

ನನ್ನ ತಂಗಿ ರಾಜೀವಿಯ ಮಗ ಮಿಥುನ್ ಮುಂಬೈ ಹೋಟೆಲಿನಿಂದ ಈ ಚಟ ಹೊತ್ತು ಬಂದವನು. ಬಿಡಲು ಇನ್ನೂ ಆಗಿಲ್ಲ. ಆದರೆ ಕೇಂದ್ರ ತೆರೆದಿದ್ದಷ್ಟು ದಿನ ಇನ್ನೊಬ್ಬರ ಸೂಜಿ ಮುಟ್ಟಿದವನಲ್ಲ. ನಮ್ಮಲ್ಲಿ ಸೋದರಳಿಯ ಸ್ವಂತ ಮಗನಿಗಿಂತ ಹೆಚ್ಚು. ಬೀಗ ಬಿದ್ದ ಮೇಲೆ ಅವನ ಕೈಯಲ್ಲಿ ಗೆಳೆಯ ನಾಗನ ಸೂಜಿ ಕಂಡೆ.

“ಎಂತ ಮಾಡುದ್ ಮಾವ? ಹೊಸ್ತ್ ಸಿಕ್ಕುದಿಲ್ಲೆ. ತೊಳ್ಕಂಡಿದೆ.”

“ಬಂಗ್ಡಿ ಮೀನ್ ತೊಳ್ದಾಂಗಾ?” ಎಂದೆ. ಅವನು ನಗಲಿಲ್ಲ. ನನಗೂ ನಗು ಬರಲಿಲ್ಲ.

ಆಮೇಲೆ ನಾನು ಮೀನು ಮಾರುವ ಮೊಪೆಡ್ಡಿನ ಪೆಟ್ಟಿಗೆಯಲ್ಲಿ, ಬಂಗುಡೆಯ ಅಡಿಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ ಹೊಸ ಸೂಜಿಗಳು ಊರೂರು ತಿರುಗಿದವು. ಹಳೆಯವು ಇನ್ನೊಂದು ಡಬ್ಬಿಯಲ್ಲಿ ವಾಪಸು ಬಂದವು. ಎಲ್ಲಿಯ ಸೂಜಿ ಎಂದು ಆಮೇಲೆ ಹೇಳುತ್ತೇನೆ. ಜನ ಸೇರಿಸಬೇಡಿ ಎಂದಿರಿ, ಮೀನಿನ ಹಾರ್ನ್ ಹೊಡೆಯಬೇಡಿ ಎಂದಿರಲಿಲ್ಲ. ಉದ್ದ ಹಾರ್ನ್ ಮೀನಿಗೆ, ಮೂರು ಗಿಡ್ಡ ಹಾರ್ನ್ ಸೂಜಿಗೆ. ಮೂರು ಗಿಡ್ಡಕ್ಕೆ ಮೊದಲು ಓಡಿಬಂದವರು ಯಾರು ಗೊತ್ತೇ? ಎಪ್ಪತ್ತು ದಾಟಿದ ಕುಸುಮಾವತಿಯಮ್ಮ, ತಟ್ಟೆ ಹಿಡಿದುಕೊಂಡು.

“ಹ್ವಾಯ್ ಕುಷ್ಟ, ಹೊಸ ನಮೂನಿ ಹಾರ್ನ್ ಹೊಡ್ದ್ಯಲೆ, ಅಂಜಲ್ ಮೀನ್ ಇತ್ತಾ?”

“ಇಲ್ಲೆ ಅಮ್ಮ, ಬರೀ ಮುಳ್ಳ್.”

ಅವರು ಬೇಲಿಯಾಚೆ ನಿಂತಿದ್ದ ಹುಡುಗರನ್ನು ನೋಡಿದರು. “ನಂಗೆ ಹಲ್ಲೇ ಇಲ್ಲೆ, ಮುಳ್ಳ್ ಕಟ್ಕಂಡ್ ಎಂತ ಮಾಡ್ಲಿ? ಆ ಮಕ್ಳಿಗೇ ಕೊಡ್,” ಎಂದು ಒಳಗೆ ಹೋದರು. ನಿಮ್ಮ ಇಲಾಖೆಗೆ ಇಷ್ಟು ಅರ್ಥವಾಗಲು ಇನ್ನೆಷ್ಟು ಸುತ್ತೋಲೆ ಬೇಕು?

ಅಷ್ಟರಲ್ಲಿ ನೀವು ಪೊಲೀಸರನ್ನು ಬಿಟ್ಟಿರಿ. ಕೇಂದ್ರದ ಬೀಗ ಒಡೆದು ಸೂಜಿಯ ಪೆಟ್ಟಿಗೆ ಕದ್ದದ್ದು ಚಟದ ಹುಡುಗರೇ ಎಂದು ದೂರು ಕೊಟ್ಟಿರಿ. ಮಿಥುನ್, ನಾಗ ಇಬ್ಬರೂ ಅಡಗಿದ್ದಾರೆ, ಎಲ್ಲೆಂದು ನಿಮಗೆ ಹೇಳುವುದಿಲ್ಲ. ನಾನು ಹಾರ್ನ್ ಹೊಡೆದರೂ ಪೊಲೀಸರೇ ಹೊಡೆಸಿದ್ದೆಂದು ಹೊರಗೆ ಬರುವುದಿಲ್ಲ, ಹತ್ತಿರ ಹೋದರೆ ಓಡುತ್ತಾರೆ. ಹೊಸ ಸೂಜಿ ಕೈಯಲ್ಲಿ ಸಿಕ್ಕರೆ ಕಳ್ಳತನ ತಮ್ಮ ತಲೆಗೇ ಎಂದು, ಗಂಜಿಯ ಜೊತೆ ಇಟ್ಟದ್ದನ್ನೂ ಮುಟ್ಟುವುದಿಲ್ಲ. ನಿನ್ನೆ ರಾಜೀವಿ ಗಂಜಿ ಇಟ್ಟು ಬಂದು ಅತ್ತಳು.

“ಅಣ್ಣ, ಇಬ್ರಿಗೂ ಒಂದೇ ಸೂಜಿ. ಯಾವಾಗ್ಲೂ ತಮಾಷಿ, ಕುಶಾಲ್ ಮಾಡ್ತೆ ಅಲ್ದಾ ನೀನ್, ಇವತ್ತೊಂದ್ ದಿನ ಎಂತಾರೂ ಮಾಡ್ ಮಾರಾಯ.”

ಆದ್ದರಿಂದ ಕೇಳುತ್ತಿದ್ದೇನೆ, ಬೇಡುತ್ತಿಲ್ಲ. ಪೊಲೀಸರನ್ನು ಇವತ್ತೇ ಹಿಂದೆ ಕರೆಸಿ. ಬೀಗ ಹಾಕಿ ಬೀಗಿದ್ದು ಸಾಕು, ಕೇಂದ್ರ ತೆರೆಸಿ. ಕಿಟಕಿಯಿಂದಲೇ ಕೊಡಿ, ಹೇಗೆಂದು ವೈನ್ ಶಾಪಿನವರು ಕಲಿಸುತ್ತಾರೆ. ಅದಕ್ಕೂ ಹೆದರಿಕೆಯಾದರೆ ಸೂಜಿಯನ್ನು ನನ್ನ ಕೈಯಲ್ಲಿ ಹಳ್ಳಿಗೇ ಕಳಿಸಿ, ಶಿರೂರಿನವರೆಗೂ ದಾರಿ ನನಗೆ ಗೊತ್ತು.

ಈ ಪತ್ರದ ಮೊದಲ ಮಾತು ಸುಳ್ಳು, ಕೊನೆಯದು ನಿಜ. ನನ್ನ ಮಾತನ್ನು ಊರಲ್ಲಿ ಯಾರೂ ನಂಬುವುದಿಲ್ಲ, ಅದಕ್ಕೇ ಸಾಕ್ಷಿ ಹೇಳುತ್ತೇನೆ. ಮಂಜುಗಡ್ಡೆ ಒಡೆಯುವ ಕಬ್ಬಿಣದ ಸರಳಿನ ಮುರಿದ ತುದಿ ಕೇಂದ್ರದ ಹೊಸ್ತಿಲಲ್ಲಿ ಬಿದ್ದಿದೆ. ಅದರ ಹಿಡಿ ನನ್ನ ಮೀನಿನ ಪೆಟ್ಟಿಗೆಯಲ್ಲಿದೆ. ಜೋಡಿಸಿ ನೋಡಿ.

ಇಂತಿ,
ನಿಮ್ಮ ಬೀಗ ಒಡೆದ
ಮೀನಿನ ಕುಷ್ಟ, ಕೋಡಿ